ಪರರ ಯುದ್ಧಕ್ಕೆ ನಮ್ಮ ಮಕ್ಕಳು

ಸೆಪ್ಟೆಂಬರ್ 23 ಬಂತೆಂದರೆ ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಹೂಮಾಲೆಗಳು ಬೀಳುತ್ತವೆ. ಅಲ್ಲಿ ಕಂಚಿನ ಮೂವರು ಸೈನಿಕರು ನಿಂತಿದ್ದಾರೆ. ಒಬ್ಬ ಹೈದರಾಬಾದಿನವನು, ಇನ್ನೊಬ್ಬ ಜೋಧಪುರದವನು, ಮತ್ತೊಬ್ಬ ನಮ್ಮ ಮೈಸೂರಿನವನು. ಬ್ರಿಟಿಷರು 1922ರಲ್ಲಿ ನಿಲ್ಲಿಸಿದ ಸ್ಮಾರಕವದು. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ನೆತನ್ಯಾಹು ದೆಹಲಿಗೆ ಬಂದಿಳಿದ ದಿನವೇ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂದು ಮರುನಾಮಕರಣವಾಯಿತು. ಆಮೇಲೆ ಶುರುವಾಯಿತು ನೋಡಿ, ಮೊಬೈಲಿನಿಂದ ಮೊಬೈಲಿಗೆ ಹಾರುವ ಹೊಸ ಇತಿಹಾಸ. ನಾಲ್ಕು ನೂರು ವರ್ಷಗಳ ತುರ್ಕಿ ದಾಸ್ಯದಿಂದ ಹೈಫಾ ನಗರವನ್ನು ಬಿಡಿಸಿಕೊಟ್ಟವರು ಭಾರತದ ವೀರರಂತೆ, ಇಸ್ರೇಲಿಗೂ ನಮಗೂ ಅಂದಿನಿಂದಲೇ ರಕ್ತಸಂಬಂಧವಂತೆ, ಇದನ್ನೆಲ್ಲ ನಮ್ಮ ಪಠ್ಯಪುಸ್ತಕಗಳು ಬೇಕೆಂದೇ ಮುಚ್ಚಿಟ್ಟವಂತೆ.

ಕಳೆದ ಕೆಲವು ವರ್ಷಗಳಲ್ಲಿ ಈ ಸಂದೇಶ ನಮ್ಮ ಶಿರ್ವದ ಮಂಚಕಲ್ ಪೇಟೆಯ ಹುಡುಗರ ಕೈಗೂ ಬಂದು ತಲುಪಿದೆ. ಕಳುಹಿಸುವವರು ಹೆಮ್ಮೆಯಿಂದ ಕಳುಹಿಸುತ್ತಾರೆ, ಓದುವವರು ಕಣ್ಣು ಮುಚ್ಚಿ ನಂಬುತ್ತಾರೆ. ಸತ್ತ ಸೈನಿಕನ ಹೆಸರಿನಲ್ಲಿ ಹೇಳುವ ಸುಳ್ಳನ್ನು ಪ್ರಶ್ನಿಸುವುದು ಕಷ್ಟ. ಪ್ರಶ್ನಿಸಿದವನಿಗೆ ದೇಶದ್ರೋಹಿ ಎಂಬ ಪಟ್ಟ ತಯಾರಾಗಿಯೇ ಇರುತ್ತದೆ, ಅವನ ಹೆಸರು ನನ್ನಂಥದ್ದಾಗಿದ್ದರಂತೂ ಕೇಳುವುದೇ ಬೇಡ. ಆದರೂ ಕೇಳಲೇಬೇಕಾದ ಮಾತಿದೆ. 1918ರಲ್ಲಿ ಹೈಫಾದಲ್ಲಿ ಬಿಡುಗಡೆಯಾದವರು ಯಾರು? ಬಿಡಿಸಿದವರಾದರೂ ಸ್ವತಂತ್ರರಾಗಿದ್ದರೇ?

ನಡೆದದ್ದನ್ನು ನಡೆದ ಹಾಗೆ ನೋಡೋಣ. ಮೈಸೂರು ಲ್ಯಾನ್ಸರ್ಸ್ ಎಂಬುದು ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ ಕಟ್ಟಿದ ಅಶ್ವಪಡೆ. ಇಂಪೀರಿಯಲ್ ಸರ್ವಿಸ್ ಪಡೆಗಳೆಂದು ಇವುಗಳನ್ನು ಕರೆಯುತ್ತಿದ್ದರು. ಹೆಸರೇ ಎಲ್ಲವನ್ನೂ ಹೇಳುತ್ತದೆ. ಸಂಸ್ಥಾನದ ಖಜಾನೆಯಿಂದ ಸಂಬಳ, ಚಕ್ರಾಧಿಪತ್ಯದ ಕೆಲಸ. ಅನ್ನ ನಮ್ಮದು, ಆಜ್ಞೆ ಅವರದು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗ ಈ ಪಡೆಯನ್ನು ಹಡಗು ಹತ್ತಿಸಿ ಈಜಿಪ್ಟಿಗೆ ಕಳುಹಿಸಲಾಯಿತು. ಸೂಯೆಜ್ ಕಾಲುವೆಯ ಕಾವಲು ಮೊದಲ ಕೆಲಸ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ನಾಲ್ವಡಿಯವರು ಎಷ್ಟೋ ಒಳ್ಳೆಯ ಕೆಲಸ ಮಾಡಿದ ದೊರೆ, ಅದರಲ್ಲಿ ತಕರಾರಿಲ್ಲ. ಆದರೆ ಈ 50 ಲಕ್ಷ ರೈತನ ಕಂದಾಯದಿಂದ ಬಂದದ್ದು. ಕಂಡವರ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಹಾಗೆ. ಜಾತ್ರೆ ಮಾತ್ರ ಲಂಡನ್ನಿನದು. ಯುದ್ಧ ಮುಗಿಯುತ್ತಿದ್ದ ಹೊತ್ತಿಗೆ, ಅದೇ 1918ರಲ್ಲಿ, ಇನ್‌ಫ್ಲುಯೆಂಜಾ ಬಂದು ಮೈಸೂರು ಸಂಸ್ಥಾನದಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು.

ಆ ಪಡೆಯಲ್ಲಿ ಯಾರಿದ್ದರು? ಅರಸು ಮನೆತನದವರಿದ್ದರು, ಮರಾಠರಿದ್ದರು, ಮುಸ್ಲಿಮರಿದ್ದರು. ದೇಶರಾಜೇ ಅರಸು, ಚಾಮರಾಜೇ ಅರಸು ಎಂಬ ಅಧಿಕಾರಿಗಳ ಜೊತೆಯಲ್ಲೇ ಮೀರ್ ತುರಾಬ್ ಅಲಿ ಎಂಬ ಅಧಿಕಾರಿಯ ಹೆಸರೂ ಬರುತ್ತದೆ. ಮೊಬೈಲಿನ ಸಂದೇಶಗಳಲ್ಲಿ ಈ ಮೂರನೆಯ ಹೆಸರು ಸಿಗುವುದಿಲ್ಲ, ಹುಡುಕಿ ನೋಡಿ.

1917ರಲ್ಲಿ ಬ್ರಿಟಿಷರು ಗಾಝಾದ ಮೇಲೆ ಮೂರು ಸಲ ಏರಿಹೋದರು. ಮಾರ್ಚಿನಲ್ಲಿ, ಏಪ್ರಿಲಿನಲ್ಲಿ ಸೋತರು. ನವೆಂಬರಿನಲ್ಲಿ ಊರು ಬಿತ್ತು. ಬಿದ್ದಾಗ ಅಲ್ಲಿ ಊರೆಂಬುದು ಉಳಿದಿರಲಿಲ್ಲ, ಫಿರಂಗಿಗಳ ಏಟಿಗೆ ಪಾಳಾಗಿತ್ತು. ಆ ಪಾಳು ಬೀದಿಗಳ ಮೂಲಕ ಮೈಸೂರಿನ ಸವಾರರಿದ್ದ ಬ್ರಿಗೇಡ್ ಉತ್ತರಕ್ಕೆ ಬೈತ್ ಹನೂನ್ ಕಡೆಗೆ ಕುದುರೆ ಓಡಿಸಿತು. ಗಾಝಾ, ಬೈತ್ ಹನೂನ್. ಈ ಹೆಸರುಗಳನ್ನು ನಾವು 2023ರ ಅಕ್ಟೋಬರಿನ ನಂತರ ದಿನವೂ ಟಿವಿಯಲ್ಲಿ ಕೇಳಿದ್ದೇವೆ. ಗಾಝಾದ ಕಾಮನ್‌ವೆಲ್ತ್ ಯುದ್ಧ ಸ್ಮಶಾನದಲ್ಲಿ ಬ್ರಿಟಿಷರು, ಆಸ್ಟ್ರೇಲಿಯನ್ನರು, ಭಾರತೀಯರು ಒಂದೇ ಮಣ್ಣಿನಲ್ಲಿ ಮಲಗಿದ್ದಾರೆ. ಈಚಿನ ಬಾಂಬ್ ದಾಳಿಗಳಲ್ಲಿ ಅಲ್ಲಿನ ಸಮಾಧಿಗಲ್ಲುಗಳಿಗೂ ಹಾನಿಯಾಯಿತು. ಹೈಫಾದ ವೀರರಿಗಾಗಿ ಕಣ್ಣೀರು ಹಾಕುವವರು ಗಾಝಾದಲ್ಲಿ ಮಲಗಿರುವ ಭಾರತೀಯರ ಬಗ್ಗೆ ತುಟಿ ಬಿಚ್ಚಿದ್ದನ್ನು ನಾನಂತೂ ಕೇಳಿಲ್ಲ.

ಹೈಫಾಕ್ಕೆ ಬರೋಣ. 1918ರ ಸೆಪ್ಟೆಂಬರ್ 23ರ ಮಧ್ಯಾಹ್ನ. ಒಂದು ಕಡೆ ಕಿಶೋನ್ ನದಿಯ ಕೆಸರು, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ, ನಡುವೆ ಕಿರಿದಾದ ದಾರಿ. ಬೆಟ್ಟದ ಮೇಲೆ ಫಿರಂಗಿಗಳು, ಮೆಷಿನ್ ಗನ್ನುಗಳು. ಮೈಸೂರಿನವರು ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿದರು, ಜೋಧಪುರದವರು ಕೆಳಗಿನಿಂದ ಊರಿಗೆ ನುಗ್ಗಿದರು. ಹೈದರಾಬಾದಿನ ಪಡೆ ಆ ದಿನದ ದಾಳಿಯಲ್ಲಿ ಇರಲಿಲ್ಲ. ಸಂಜೆಯೊಳಗೆ ಊರು ಕೈವಶವಾಯಿತು. 1350 ಮಂದಿ ಸೆರೆಸಿಕ್ಕರು, 17 ಫಿರಂಗಿಗಳು ಸಿಕ್ಕವು. ನಮ್ಮ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34. ಸತ್ತವರಲ್ಲಿ ಜೋಧಪುರದ ಮೇಜರ್ ದಲಪತ್ ಸಿಂಗ್ ಒಬ್ಬರು. ಸತ್ತ ಕುದುರೆಗಳು 60. ಮೆಷಿನ್ ಗನ್ನಿನ ಎದುರು ಈಟಿ ಹಿಡಿದು ಕುದುರೆ ಓಡಿಸುವುದು ಹುಡುಗಾಟವಲ್ಲ. ಆ ಧೈರ್ಯವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ.

ಆ ತಿಂಗಳು ದಾಟಿದ ಮೇಲೂ ಅವರಿಗೆ ಬಿಡುವು ಸಿಗಲಿಲ್ಲ. ಅಕ್ಟೋಬರ್ 26ರಂದು ಅಲೆಪ್ಪೋದ ಆಚೆಗೆ ಹರೀತಾನ್ ಎಂಬಲ್ಲಿ ಮತ್ತೆ ಇದೇ ಎರಡು ಪಡೆಗಳನ್ನು ತುರ್ಕಿಯರ ಮೇಲೆ ನುಗ್ಗಿಸಿದರು. ಎದುರಿಗಿದ್ದದ್ದು ಮುಸ್ತಫಾ ಕಮಾಲ್‌ನ ಸೈನ್ಯ. ಹೈಫಾಕ್ಕಿಂತ ಹೆಚ್ಚು ಮಂದಿ ಅಲ್ಲಿ ಸತ್ತರು. ನಾಲ್ಕು ದಿನ ಕಳೆದು, 30ನೇ ತಾರೀಕು, ತುರ್ಕಿ ಶರಣಾಗತಿ ಒಪ್ಪಂದಕ್ಕೆ ಸಹಿ ಹಾಕಿತು. ಮುಗಿಯುತ್ತಿದ್ದ ಯುದ್ಧದಲ್ಲಿ ನಾಲ್ಕು ದಿನ ಮೊದಲು ಸತ್ತ ಮೈಸೂರಿನ ಹುಡುಗರಿಗೆ ಯಾವ ಚೌಕವೂ ಇಲ್ಲ. ಏಕೆಂದರೆ ಅಲೆಪ್ಪೋ ಇರುವುದು ಸಿರಿಯಾದಲ್ಲಿ. ಅಲ್ಲಿಂದ ಆಯುಧ ಕೊಳ್ಳುವುದಕ್ಕಿಲ್ಲ, ಅಲ್ಲಿಯ ಪ್ರಧಾನಿಯನ್ನು ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುವುದಕ್ಕೂ ಇಲ್ಲ.

ಈ ಇಡೀ ದಂಡಿನ ನಾಯಕ ಯಾರೆಂದು ಬಹಳ ಮಂದಿಗೆ ಗೊತ್ತಿಲ್ಲ. ಮೈಸೂರಿನ ಸವಾರರು ಸೇರಿದ್ದ ಡೆಸರ್ಟ್ ಮೌಂಟೆಡ್ ಕೋರ್‌ನ ದಂಡನಾಯಕ ಹ್ಯಾರಿ ಶೊವೆಲ್, ಆಸ್ಟ್ರೇಲಿಯದವನು. ಅವನ ಕೈಕೆಳಗೆ ಆಸ್ಟ್ರೇಲಿಯದ ಲೈಟ್ ಹಾರ್ಸ್ ಪಡೆಗಳೂ ನಮ್ಮವರೂ ಒಟ್ಟಿಗೆ ಪ್ಯಾಲೆಸ್ತೀನಿನ ಮರಳಿನಲ್ಲಿ ಅಲೆದರು. ಇಬ್ಬರೂ ಬ್ರಿಟಿಷ್ ಕಿರೀಟದ ಸೇವಕರೇ. ಆದರೆ ಒಂದು ವ್ಯತ್ಯಾಸವಿದೆ. ಯುವಕರನ್ನು ಕಡ್ಡಾಯವಾಗಿ ಹೊರದೇಶದ ಯುದ್ಧಕ್ಕೆ ಕಳುಹಿಸಬಹುದೇ ಎಂದು ಆಸ್ಟ್ರೇಲಿಯದ ಸರಕಾರ ತನ್ನ ಪ್ರಜೆಗಳನ್ನು ಎರಡು ಸಲ ಕೇಳಿತು, 1916ರಲ್ಲಿ ಒಮ್ಮೆ, 1917ರಲ್ಲಿ ಮತ್ತೊಮ್ಮೆ. ಎರಡು ಸಲವೂ ಜನ ಮತ ಹಾಕಿ ಆಗುವುದಿಲ್ಲ ಎಂದರು. 50 ಲಕ್ಷದಷ್ಟೂ ಜನಸಂಖ್ಯೆ ಇಲ್ಲದ ದೇಶ ಸುಮಾರು 60 ಸಾವಿರ ಮಕ್ಕಳನ್ನು ಆ ಯುದ್ಧದಲ್ಲಿ ಕಳೆದುಕೊಂಡಿತು ನಿಜ, ಆದರೆ ಕೇಳುವ ಮರ್ಯಾದೆಯಾದರೂ ಅಲ್ಲಿತ್ತು. ಮೈಸೂರಿನ ಒಕ್ಕಲಿಗನನ್ನಾಗಲಿ, ಪಂಜಾಬಿನ ಜಾಟನನ್ನಾಗಲಿ, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕೆನರಾದ ಗೇಣಿದಾರನನ್ನಾಗಲಿ ಯಾರು ಕೇಳಿದರು? ಭಾರತದಿಂದ 13 ಲಕ್ಷದಷ್ಟು ಮಂದಿ ಆ ಯುದ್ಧಕ್ಕೆ ದುಡಿದರು, 74 ಸಾವಿರ ಮಂದಿ ಸತ್ತರು. ಪ್ರತಿಫಲವಾಗಿ 1919ರ ಮಾರ್ಚಿನಲ್ಲಿ ರೌಲತ್ ಕಾಯ್ದೆ, ಏಪ್ರಿಲಿನಲ್ಲಿ ಜಲಿಯನ್‌ವಾಲಾ ಬಾಗ್.

(ಕುದುರೆಗಳ ಕತೆ ಇನ್ನೂ ಕ್ರೂರ. ಆಸ್ಟ್ರೇಲಿಯ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಹೊರಗೆ ಕಳುಹಿಸಿತು. ಹಿಂದಿರುಗಿ ಬಂದದ್ದು ಒಂದೇ ಒಂದು. ಅದೂ ಸತ್ತ ಸೇನಾಧಿಕಾರಿಯೊಬ್ಬನ ಕುದುರೆಯಾದ್ದರಿಂದ.)

ಇತಿಹಾಸದ ಚೇಷ್ಟೆಯನ್ನು ನೋಡಿ. 1786ರಲ್ಲಿ ಟಿಪ್ಪು ಸುಲ್ತಾನ್ ಇಂಗ್ಲಿಷರ ವಿರುದ್ಧ ನೆರವು ಕೇಳಲು ಇಸ್ತಾಂಬುಲಿನ ಸುಲ್ತಾನನ ಬಳಿಗೆ ರಾಯಭಾರ ಕಳುಹಿಸಿದ. 132 ವರ್ಷ ಕಳೆದ ಮೇಲೆ ಅದೇ ಮೈಸೂರಿನ ಮಕ್ಕಳು ಅದೇ ಇಂಗ್ಲಿಷರಿಗಾಗಿ ಅದೇ ಸುಲ್ತಾನನ ಸೈನ್ಯದ ಎದುರು ಕುದುರೆ ಓಡಿಸಿದರು. ಗುಲಾಮಗಿರಿ ಎಂದರೆ ಏನು ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕೇ?

ಇನ್ನು ಬಿಡುಗಡೆಯ ಮಾತು. ಹೈಫಾ ಬೀಳುವುದಕ್ಕೆ ಹತ್ತು ತಿಂಗಳು ಮೊದಲೇ, 1917ರ ನವೆಂಬರ್ 2ರಂದು, ಬ್ರಿಟನ್ನಿನ ವಿದೇಶ ಮಂತ್ರಿ ಬಾಲ್ಫರ್ ಆ ನೆಲವನ್ನು ಯಹೂದಿಗಳ ರಾಷ್ಟ್ರೀಯ ನೆಲೆಯಾಗಿಸಲು ನೆರವಾಗುವುದಾಗಿ ಪತ್ರ ಬರೆದುಕೊಟ್ಟಾಗಿತ್ತು. ಅಲ್ಲಿ ವಾಸವಾಗಿದ್ದ ಅರಬರನ್ನು ಕೇಳಿದವರಿಲ್ಲ. 1922ರ ಜನಗಣತಿಯಲ್ಲಿ ಹೈಫಾದಲ್ಲಿ ಸುಮಾರು 25 ಸಾವಿರ ಜನ. ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಮೂವರೂ ಗಣನೀಯ ಸಂಖ್ಯೆಯಲ್ಲಿದ್ದ ಬಂದರು ಪಟ್ಟಣ, ನಮ್ಮ ಮಂಗಳೂರಿನ ಹಾಗೆ. 1948ರ ಏಪ್ರಿಲಿನಲ್ಲಿ ಯಹೂದಿ ಸೇನೆ ಹೈಫಾವನ್ನು ವಶಪಡಿಸಿಕೊಂಡಿತು. ಅರುವತ್ತು ಸಾವಿರಕ್ಕೂ ಮಿಕ್ಕಿದ್ದ ಅರಬರಲ್ಲಿ ಕೊನೆಗೆ ಉಳಿದದ್ದು ಕೆಲವೇ ಸಾವಿರ. ಮಿಕ್ಕವರು ದೋಣಿ ಹತ್ತಿ, ಲಾರಿ ಹತ್ತಿ ಲೆಬನಾನಿನ ಕಡೆಗೆ ಹೋದರು. ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ನಿರಾಶ್ರಿತರ ಶಿಬಿರಗಳಲ್ಲಿದ್ದಾರೆ. ಮೈಸೂರಿನ ಸವಾರ ಬೆಟ್ಟ ಹತ್ತಿ ಬಿಡಿಸಿಕೊಟ್ಟ ಊರಿನ ಜನ ಮೂವತ್ತು ವರ್ಷಗಳಲ್ಲಿ ಊರು ಬಿಟ್ಟರು. ಇದರ ತಪ್ಪು ಆ ಬಡ ಸವಾರನದಲ್ಲ. ಆದರೆ ಇದನ್ನು ವಿಮೋಚನೆ ಎಂದು ಕರೆಯುವ ಬಾಯಿಗಳಿಗೆ ನಾಚಿಕೆ ಬೇಡವೇ?

ಆಸ್ಟ್ರೇಲಿಯದವರೂ ಇದೇ ಆಟ ಆಡಿದವರೇ. 1917ರ ಅಕ್ಟೋಬರ್ 31ರಂದು ಅವರ ಲೈಟ್ ಹಾರ್ಸ್ ಪಡೆ ಬೀರ್‌ಷೆಬಾದ ಮೇಲೆ ದಾಳಿ ಮಾಡಿತ್ತು. 2017ರಲ್ಲಿ ಅದರ ನೂರನೇ ವರ್ಷಾಚರಣೆಗೆ ಅಲ್ಲಿಯ ಪ್ರಧಾನಿ ಮಾಲ್ಕಂ ಟರ್ನ್‌ಬುಲ್ ಬೀರ್‌ಷೆಬಾಕ್ಕೆ ಹೋಗಿ ನೆತನ್ಯಾಹು ಜೊತೆ ನಿಂತರು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಜುಲೈಯಲ್ಲಿ, ನಮ್ಮ ಪ್ರಧಾನಿ ಹೈಫಾದ ಭಾರತೀಯ ಸ್ಮಶಾನದಲ್ಲಿ ಅದೇ ನೆತನ್ಯಾಹು ಜೊತೆ ಹೂವಿಟ್ಟರು. ಎರಡು ದೇಶ, ಒಂದೇ ಆತಿಥೇಯ, ಒಂದೇ ಬಗೆಯ ಹೂಗುಚ್ಛ. 1918ರ ಡಿಸೆಂಬರಿನಲ್ಲಿ, ಯುದ್ಧ ಮುಗಿದ ಮೇಲೆ, ತಮ್ಮವನೊಬ್ಬನ ಕೊಲೆಗೆ ಸೇಡಿಗಾಗಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ಸೈನಿಕರು ಸರಾಫಂದ್ ಎಂಬ ಪ್ಯಾಲೆಸ್ತೀನಿ ಹಳ್ಳಿಗೆ ನುಗ್ಗಿ ಗಂಡಸರನ್ನು ಕೊಂದು ಮನೆಗಳಿಗೆ ಬೆಂಕಿಯಿಟ್ಟರು. ಅದರ ನೂರನೇ ವರ್ಷಕ್ಕೆ ಯಾವ ಪ್ರಧಾನಿಯೂ ಹೂವು ಹಿಡಿದುಕೊಂಡು ಹೋಗಲಿಲ್ಲ.

ನಮ್ಮವರಿಗೂ ಎರಡು ಮಾತು ಹೇಳಬೇಕಾಗಿದೆ. ಮೈಸೂರು ಪಡೆಯ ಮುಸ್ಲಿಮರು ಖಲೀಫನ ವಿರುದ್ಧ ಹೋರಾಡಿದರು, ಅದು ನಮಗೆ ಅವಮಾನ, ಅದನ್ನು ಎತ್ತದಿರುವುದೇ ಒಳ್ಳೆಯದು ಎನ್ನುವವರು ನಮ್ಮಲ್ಲಿದ್ದಾರೆ. ಇದು ಇನ್ನೊಂದು ತುದಿಯ ಸುಳ್ಳು. ತುರ್ಕಿಯ ಆಡಳಿತವೇನೂ ಸ್ವರ್ಗವಾಗಿರಲಿಲ್ಲ. 1916ರ ಮೇ 6ರಂದು ಜಮಾಲ್ ಪಾಷಾ ಬೈರೂತ್ ಮತ್ತು ದಮಾಸ್ಕಸಿನ ಚೌಕಗಳಲ್ಲಿ ಅರಬ್ ನಾಯಕರನ್ನು ನೇಣಿಗೇರಿಸಿದ. ಅವರಲ್ಲಿ ಮುಸ್ಲಿಮರೂ ಇದ್ದರು, ಕ್ರೈಸ್ತರೂ ಇದ್ದರು. ಆರ್ಮೇನಿಯನ್ನರಿಗೆ 1915ರಲ್ಲಿ ಏನಾಯಿತೆಂದು ಜಗತ್ತಿಗೇ ಗೊತ್ತು. ಖಲೀಫನ ಹೆಸರಿದ್ದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗದು. ಅದೇ ರೀತಿ ಖಲೀಫನ ಎದುರು ನಿಂತ ಮಾತ್ರಕ್ಕೆ ಬ್ರಿಟಿಷ್ ಸಾಮ್ರಾಜ್ಯಶಾಹಿ ವಿಮೋಚಕನೂ ಆಗದು.

ಬ್ರಿಟಿಷರಿಗೆ ಈ ಮುಸ್ಲಿಂ ಸೈನಿಕರ ಮನಸ್ಸಿನ ಭಯ ಚೆನ್ನಾಗಿಯೇ ಇತ್ತು. 1915ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿದ್ದ ಐದನೇ ಲೈಟ್ ಇನ್‌ಫೆಂಟ್ರಿಯ ಮುಸ್ಲಿಂ ಸಿಪಾಯಿಗಳು ದಂಗೆಯೆದ್ದಿದ್ದರು. ತಮ್ಮನ್ನು ತುರ್ಕಿಯರ ಮೇಲೆ ಕಳುಹಿಸುತ್ತಾರೆಂಬ ಗುಮಾನಿಯೂ ಅದಕ್ಕೆ ಒಂದು ಕಾರಣ. ನಲವತ್ತಕ್ಕೂ ಹೆಚ್ಚು ಮಂದಿಯನ್ನು ಗೋಡೆಗೆ ನಿಲ್ಲಿಸಿ ಸಾರ್ವಜನಿಕವಾಗಿ ಗುಂಡಿಟ್ಟು ಕೊಂದರು. ಆದ್ದರಿಂದಲೇ 1917ರ ಡಿಸೆಂಬರಿನಲ್ಲಿ ಜೆರುಸಲೇಮ್ ಕೈಗೆ ಬಂದಾಗ ಜನರಲ್ ಅಲೆನ್‌ಬಿ ಅಲ್ಲಿಯ ಪವಿತ್ರ ಮಸೀದಿಯ ಸುತ್ತ ಭಾರತೀಯ ಮುಸ್ಲಿಂ ಸೈನಿಕರ ಕಾವಲು ಹಾಕಿಸಿದ. ಈ ಯುದ್ಧವನ್ನು ಶಿಲುಬೆಯುದ್ಧವೆಂದು ಬರೆಯಬೇಡಿ ಎಂದು ಲಂಡನ್ನಿನ ಪತ್ರಿಕೆಗಳಿಗೆ ಸರಕಾರದ ಸೂಚನೆಯೇ ಹೋಗಿತ್ತು. ಆದರೂ ಪಂಚ್ ಪತ್ರಿಕೆ ಆ ಡಿಸೆಂಬರಿನಲ್ಲಿ ಕೊನೆಯ ಶಿಲುಬೆಯುದ್ಧ ಎಂಬ ತಲೆಬರಹದ ವ್ಯಂಗ್ಯಚಿತ್ರ ಹಾಕಿತು. ಅಂದಿನ ಬ್ರಿಟಿಷ್ ಸರಕಾರ ಬಳಸಲು ಹೆದರಿದ ಭಾಷೆಯನ್ನು ಇಂದಿನ ನಮ್ಮ ದೇಶಭಕ್ತರು ಧೈರ್ಯವಾಗಿ ಬಳಸುತ್ತಿದ್ದಾರೆ!

ಹಾಗೆಂದು ಅಂದಿನ ಭಾರತೀಯರೆಲ್ಲ ಬಾಯಿ ಮುಚ್ಚಿ ಕುಳಿತಿರಲಿಲ್ಲ. 1918ರಲ್ಲಿ ಖೇಡಾದಲ್ಲಿ ಹಳ್ಳಿ ಹಳ್ಳಿ ತಿರುಗಿ ಬ್ರಿಟಿಷ್ ಸೈನ್ಯಕ್ಕೆ ಜನ ಸೇರಿಸಲು ಹೊರಟಿದ್ದ ಗಾಂಧೀಜಿಯವರೇ ಎರಡು ವರ್ಷಗಳಲ್ಲಿ ಖಿಲಾಫತ್ ಮತ್ತು ಅಸಹಕಾರದ ಮಾತು ಹೇಳಲು ಮೌಲಾನಾ ಶೌಕತ್ ಅಲಿಯವರ ಜೊತೆ ಮಂಗಳೂರಿಗೆ ಬಂದರು. ಅದು 1920ರ ಆಗಸ್ಟ್. ಹಿಂದೂಗಳೂ ಮುಸ್ಲಿಮರೂ ಒಂದೇ ಮೈದಾನದಲ್ಲಿ ಕುಳಿತು ಕೇಳಿದರು. ಖಿಲಾಫತ್ ಚಳವಳಿ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಬ್ರಿಟಿಷರ ಯುದ್ಧ ನಮ್ಮ ಯುದ್ಧವಲ್ಲ ಎಂಬ ಅರಿವು ನಮ್ಮ ಕರಾವಳಿಗೆ ಆಗಲೇ ಮೂಡಿತ್ತು ಎಂಬುದು ಮುಖ್ಯ. ಯುದ್ಧದ ಬಿಸಿ ಇಲ್ಲಿಗೂ ತಟ್ಟಿದ್ದು ಸುಳ್ಳಲ್ಲ. ಜರ್ಮನ್ನರೆಂಬ ಕಾರಣಕ್ಕೆ ಬಾಸೆಲ್ ಮಿಶನ್ನಿನ ಪಾದ್ರಿಗಳನ್ನು ಸೆರೆಯಲ್ಲಿಟ್ಟರು, ಅವರ ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಶಿರ್ವದಂಥ ಊರಿನಲ್ಲಿ ಕುಳಿತು ನೂರು ವರ್ಷ ಹಿಂದಿನ ಕುದುರೆಗಳ ಬಗ್ಗೆ ಯಾಕೆ ಇಷ್ಟು ತಲೆಬಿಸಿ ಎಂದು ಕೆಲವರು ಕೇಳಬಹುದು. ನಮ್ಮೂರನ್ನು ಬಲ್ಲವರು ಹಾಗೆ ಕೇಳಲಾರರು. ಶಿರ್ವ, ಬೆಳ್ಮಣ್, ಕಾಪು, ಕಾರ್ಕಳದ ಯಾವ ಮನೆಯ ಬಾಗಿಲು ತಟ್ಟಿದರೂ ಒಂದು ಮಗ ದುಬೈಯಲ್ಲಿ, ಒಂದು ಅಳಿಯ ಸೌದಿಯಲ್ಲಿ, ಪಕ್ಕದ ಮನೆಯ ಬಾಯಿ ಇಸ್ರೇಲಿನಲ್ಲಿ ಮುದುಕರ ಆರೈಕೆಯಲ್ಲಿ. ಹಂಚಿನ ಮಾಡು ಹೋಗಿ ತಾರಸಿ ಬಂದದ್ದು, ಇಗರ್ಜಿಗೆ ಹೊಸ ಗೋಪುರ ಎದ್ದದ್ದು, ಮಸೀದಿಗೆ ಹೊಸ ಮಾರ್ಬಲ್ ಬಿದ್ದದ್ದು, ದೇವಸ್ಥಾನದ ಬ್ರಹ್ಮಕಲಶ ಗಮ್ಮತ್ತಿನಲ್ಲಿ ನಡೆದದ್ದು ಆ ದುಡಿಮೆಯಿಂದಲೇ. ಪಶ್ಚಿಮ ಏಷ್ಯಾದಲ್ಲಿ ಪಟಾಕಿ ಸಿಡಿದರೆ ನಮ್ಮಲ್ಲಿ ಕಿಟಕಿ ಅಲುಗುತ್ತದೆ. 1990ರ ಆಗಸ್ಟಿನಲ್ಲಿ ಸದ್ದಾಂ ಕುವೈತಿಗೆ ನುಗ್ಗಿದಾಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನ್ ಮೂಲಕ ಏರ್ ಇಂಡಿಯಾ ಹೊತ್ತು ತಂದಿತು. ಉಟ್ಟ ಬಟ್ಟೆಯಲ್ಲಿ ಬಂದವರು ನಮ್ಮ ಜಿಲ್ಲೆಯಲ್ಲಿ ಈಗಲೂ ಬೇಕಾದಷ್ಟು ಸಿಗುತ್ತಾರೆ.

ಹಾಗಾಗಿ 2003ನ್ನು ನಾವು ಮರೆಯಬಾರದು. ಆ ವರ್ಷ ಬುಶ್ ಇರಾಕಿನ ಮೇಲೆ ದಂಡೆತ್ತಿ ಹೋದ. ಆಸ್ಟ್ರೇಲಿಯದ ಪ್ರಧಾನಿ ಜಾನ್ ಹೋವರ್ಡ್ ಸುಮಾರು 2000 ಸೈನಿಕರನ್ನು ಕಳುಹಿಸಿ ಅಮೆರಿಕದ ಬಾಲ ಹಿಡಿದರು. ಸಿಡ್ನಿ, ಮೆಲ್ಬರ್ನ್ ಬೀದಿಗಳಲ್ಲಿ ಲಕ್ಷಾಂತರ ಜನ ಬೇಡ ಬೇಡವೆಂದು ಕೂಗಿದ್ದರು. 1917ರಲ್ಲಿ ಜನರ ಮಾತು ಕೇಳಿದ್ದ ದೇಶ 2003ರಲ್ಲಿ ಕೇಳಲಿಲ್ಲ. ಕೊನೆಗೆ ಇರಾಕಿನಲ್ಲಿ ಸಾಮೂಹಿಕ ನಾಶದ ಅಸ್ತ್ರ ಇರಲೇ ಇಲ್ಲ ಎಂದು ಅಮೆರಿಕದ ತನಿಖಾ ತಂಡವೇ ಹೇಳಬೇಕಾಯಿತು. ಅಮೆರಿಕ ಭಾರತವನ್ನೂ ಕೇಳಿತ್ತು. ಒಂದು ಪೂರ್ತಿ ಡಿವಿಜನ್, ಸುಮಾರು 17 ಸಾವಿರ ಸೈನಿಕರನ್ನು ಕೊಡಿ ಎಂದು. ದೆಹಲಿಯ ಕೆಲವು ದೊಡ್ಡ ತಲೆಗಳು, ಕೆಲವು ಇಂಗ್ಲಿಷ್ ಅಂಕಣಕಾರರು ಕಳುಹಿಸಿಯೇ ಬಿಡೋಣ, ಮಹಾಶಕ್ತಿಯಾಗುವ ಅವಕಾಶ ಇದು ಎಂದು ಕುಣಿದಾಡಿದ್ದರು. ಆದರೆ ಲೋಕಸಭೆ ಏಪ್ರಿಲಿನಲ್ಲೇ ಆ ಯುದ್ಧವನ್ನು ಖಂಡಿಸಿ ಒಮ್ಮತದ ನಿರ್ಣಯ ಮಾಡಿತ್ತು. ಜುಲೈ 14ರಂದು ವಾಜಪೇಯಿ ಸರಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೈನ್ಯ ಕಳುಹಿಸುವುದಿಲ್ಲ ಎಂದು ಹೇಳಿತು. ವಾಜಪೇಯಿಯವರ ರಾಜಕೀಯವನ್ನು ನಾನು ಎಂದೂ ಒಪ್ಪಿದವನಲ್ಲ. ಆ ದಿನದ ನಿರ್ಧಾರಕ್ಕೆ ಮಾತ್ರ ಸಲಾಂ. ಫಲ್ಲೂಜಾದಲ್ಲಿ ಒಬ್ಬ ಮರಾಠಾ ರೆಜಿಮೆಂಟಿನ ಸಿಪಾಯಿ ಗುಂಡು ಹಾರಿಸಿ, ಅದರ ಸೇಡು ಬಸ್ರಾದಲ್ಲೋ ಕುವೈತಿನಲ್ಲೋ ದುಡಿಯುವ ನಮ್ಮ ಹುಡುಗನ ಮೇಲೆ ತೀರುವುದು ಅದರಿಂದ ತಪ್ಪಿತು. 2004ರ ಆಗಸ್ಟಿನಲ್ಲಿ ಇರಾಕಿನಲ್ಲಿ 12 ಮಂದಿ ನೇಪಾಳಿ ಕೂಲಿಗಳನ್ನು ಕೊಂದರಲ್ಲ, ಅವರಲ್ಲಿ ಯಾರೊಬ್ಬರೂ ಸೈನಿಕರಲ್ಲ. ಜೋರ್ಡಾನಿನಲ್ಲಿ ಕೆಲಸವೆಂದು ಏಜೆಂಟರು ನಂಬಿಸಿ ಕರೆದೊಯ್ದ ಬಡವರು.

ಸರಕಾರ ಸೈನ್ಯ ಕಳುಹಿಸಲಿಲ್ಲ. ಆದರೆ ಈಗ ಏಜೆಂಟರು ಕಳುಹಿಸುತ್ತಿದ್ದಾರೆ.

2023ರ ಕೊನೆಯಲ್ಲಿ ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆಯ ಮೂವರು ಯುವಕರು ರಷ್ಯಾಕ್ಕೆ ಹೋದರು. ಸೆಕ್ಯೂರಿಟಿ ಕೆಲಸ, ಹೆಲ್ಪರ್ ಕೆಲಸ, ಒಳ್ಳೆಯ ಸಂಬಳ ಎಂದು ನಂಬಿಸಲಾಗಿತ್ತು. ಯೂಟ್ಯೂಬಿನಲ್ಲಿ ವಿಡಿಯೋ ಹಾಕಿ ಗಿರಾಕಿ ಹಿಡಿಯುವ ಏಜೆಂಟರ ಜಾಲವದು. ಅಲ್ಲಿ ಇಳಿದ ಮೇಲೆ ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸಹಿ, ಮೈಮೇಲೆ ಸೈನ್ಯದ ಸಮವಸ್ತ್ರ, ಕೈಗೆ ಬಂದೂಕು, ಮುಂದೆ ಉಕ್ರೇನಿನ ಗಡಿ. 2024ರ ಫೆಬ್ರವರಿಯಲ್ಲಿ ಅವರು ಕಳುಹಿಸಿದ ವಿಡಿಯೋ ಹೊರಬಂದಾಗ ಮನೆಯವರು ಕಂಗಾಲಾದರು. ಅದೇ ತಿಂಗಳು ಗುಜರಾತಿನ ಯುವಕನೊಬ್ಬ ಅಲ್ಲಿ ಸತ್ತ. ಆಮೇಲೆ ಹೈದರಾಬಾದಿನವನೊಬ್ಬನ ಸಾವಿನ ಸುದ್ದಿ. ಮಾರ್ಚಿನಲ್ಲಿ ಸಿಬಿಐ ಹಲವು ನಗರಗಳಲ್ಲಿ ಏಜೆಂಟರ ಕಚೇರಿಗಳ ಮೇಲೆ ದಾಳಿ ಮಾಡಿತು. ಜುಲೈಯಲ್ಲಿ ಪ್ರಧಾನಿ ಮಾಸ್ಕೋಗೆ ಹೋಗಿ ಪುಟಿನ್ ಜೊತೆ ಮಾತಾಡಿದ ಮೇಲೆ ದಾರಿ ತೆರೆಯಿತು. ಕಲಬುರಗಿಯ ಹುಡುಗರು ಸೆಪ್ಟೆಂಬರಿನಲ್ಲಿ ಜೀವಸಹಿತ ಮನೆ ಸೇರಿದರು. ಎಲ್ಲರಿಗೂ ಆ ಭಾಗ್ಯ ಇರಲಿಲ್ಲ. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯವೇ ಕೊಟ್ಟ ಲೆಕ್ಕದಂತೆ ರಷ್ಯಾ ಸೈನ್ಯದಲ್ಲಿ ಸಿಲುಕಿದ್ದ ಭಾರತೀಯರು 126, ಸತ್ತವರು 12, ಪತ್ತೆಯಿಲ್ಲದವರು 16.

ಆ ಹುಡುಗರು ಮನೆ ಸೇರಿದ ಮರುತಿಂಗಳು, 2024ರ ಅಕ್ಟೋಬರಿನಲ್ಲಿ, ಆಸ್ಟ್ರೇಲಿಯ ಒಂದು ಘೋಷಣೆ ಮಾಡಿತು. ತನ್ನ ಬಳಿ ಇದ್ದ 49 ಹಳೆಯ ಅಬ್ರಾಮ್ಸ್ ಟ್ಯಾಂಕುಗಳನ್ನು ಉಕ್ರೇನಿಗೆ ಕೊಡುವುದಾಗಿ. ಅಮೆರಿಕದಿಂದ ಕೊಂಡು, ಸ್ವತಃ ಒಂದು ದಿನವೂ ಯುದ್ಧಕ್ಕೆ ಇಳಿಸದೆ ಇಟ್ಟುಕೊಂಡಿದ್ದ ಟ್ಯಾಂಕುಗಳು ಅವು. 2025ರಲ್ಲಿ ಅವು ಉಕ್ರೇನಿಗೆ ತಲುಪಿದವು. ಉಕ್ರೇನಿನ ಮೇಲೆ ನುಗ್ಗಿದ್ದು ರಷ್ಯಾ, ತಪ್ಪು ಅದರದ್ದೇ. ಆಕ್ರಮಣಕ್ಕೆ ಒಳಗಾದವನು ಆಯುಧ ಕೇಳಿದರೆ ತಪ್ಪೆನ್ನಲಾರೆ. ಇಲ್ಲಿ ನಾನು ನೋಡುತ್ತಿರುವುದು ಬೇರೆ. ಶ್ರೀಮಂತ ದೇಶ ಈಗ ತನ್ನ ಮಕ್ಕಳನ್ನು ಮನೆಯಲ್ಲಿಟ್ಟು ಕಬ್ಬಿಣವನ್ನು ಕಳುಹಿಸುತ್ತದೆ. ವಿಯೆಟ್ನಾಮಿನಲ್ಲಿ ಅದಕ್ಕೆ ಪಾಠವಾಗಿದೆ. 1960ರ ದಶಕದಲ್ಲಿ ಹುಟ್ಟಿದ ತಾರೀಕುಗಳನ್ನು ಡಬ್ಬಿಗೆ ಹಾಕಿ ಲಾಟರಿ ಎತ್ತಿ ಇಪ್ಪತ್ತರ ಹುಡುಗರನ್ನು ಸೈನ್ಯಕ್ಕೆ ಎಳೆದಿದ್ದರು, ಸೆಂಚೂರಿಯನ್ ಟ್ಯಾಂಕುಗಳನ್ನೂ ಕಳುಹಿಸಿದ್ದರು, 500ಕ್ಕೂ ಹೆಚ್ಚು ಶವಗಳನ್ನು ಎಣಿಸಿದ್ದರು. ಅಫಘಾನಿಸ್ತಾನದಲ್ಲಿ ಅವರ ವಿಶೇಷ ಪಡೆಯವರು 39 ಮಂದಿ ನಿರಪರಾಧಿಗಳನ್ನು, ಸೆರೆಯಾಳುಗಳನ್ನು ಕೊಂದ ಬಗ್ಗೆ ನಂಬಲರ್ಹ ಮಾಹಿತಿ ಇದೆ ಎಂದು 2020ರಲ್ಲಿ ಅವರದೇ ಬ್ರೆರೆಟನ್ ವರದಿ ಹೇಳಿತು. ತಮ್ಮ ಸೈನ್ಯದ ಬಗ್ಗೆ ಇಂಥ ವರದಿಯನ್ನು ತಾವೇ ಬರೆಸಿ ಪ್ರಕಟಿಸಿದ್ದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಕಬ್ಬಿಣದ ಎದುರು ಕಂದಕದಲ್ಲಿ ನಿಲ್ಲುವ ಮಾಂಸ ಎಲ್ಲಿಂದಲೋ ಬರಲೇಬೇಕಲ್ಲ. ಅದು ಕಲಬುರಗಿಯಿಂದ, ಪಂಜಾಬಿನಿಂದ, ಕೇರಳದಿಂದ, ನೇಪಾಳದಿಂದ, ಕ್ಯೂಬಾದಿಂದ ಬರುತ್ತಿದೆ. 1914ರಲ್ಲಿ ಮಹಾರಾಜರ ಆಜ್ಞೆ ಸಾಕಾಗುತ್ತಿತ್ತು. ಈಗ ಒಂದು ಯೂಟ್ಯೂಬ್ ವಿಡಿಯೋ ಮತ್ತು ಊರಿನಲ್ಲಿ ಕೆಲಸವಿಲ್ಲದ ಹಸಿವು ಸಾಕು.

ಇದೆಲ್ಲ ಮೋಸಗಾರ ಏಜೆಂಟರ ಕೆಲಸ, ಸರಕಾರವೇನು ಮಾಡೀತು ಎನ್ನಬೇಡಿ. 2023ರ ಅಕ್ಟೋಬರಿನ ನಂತರ ಇಸ್ರೇಲ್ ತನ್ನ ಕಟ್ಟಡ ಕೆಲಸದಿಂದ ಪ್ಯಾಲೆಸ್ತೀನಿ ಕೂಲಿಗಳನ್ನು ಹೊರಹಾಕಿತು. ಆ ಜಾಗಕ್ಕೆ 2024ರ ಜನವರಿಯಲ್ಲಿ ಉತ್ತರ ಪ್ರದೇಶ, ಹರಿಯಾಣಗಳಲ್ಲಿ ಸರಕಾರಿ ವ್ಯವಸ್ಥೆಯಲ್ಲೇ ಶಿಬಿರ ಹಾಕಿ ಗಾರೆ ಕೆಲಸದವರನ್ನು, ಕಬ್ಬಿಣ ಕಟ್ಟುವವರನ್ನು ಆಯ್ದು ಕಳುಹಿಸಲಾಯಿತು. ಬಾಂಬು ಬೀಳುತ್ತಿದ್ದ ಕಾಲದಲ್ಲಿ! ಕಾರ್ಮಿಕ ಸಂಘಗಳು ವಿರೋಧಿಸಿದವು, ಕೇಳಿದವರಿಲ್ಲ. ಮಾರ್ಚ್ 4ರಂದು ಲೆಬನಾನ್ ಗಡಿಯ ಮಾರ್ಗಲಿಯೋಟ್‌ನ ತೋಟವೊಂದಕ್ಕೆ ಕ್ಷಿಪಣಿ ಬಿದ್ದು ಕೇರಳದ ಒಬ್ಬ ಕೃಷಿ ಕಾರ್ಮಿಕ ಸತ್ತ. ನಮ್ಮ ಉಡುಪಿ, ಮಂಗಳೂರಿನ ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳು ಆ ದಿನಗಳಲ್ಲಿ ಟೆಲ್ ಅವೀವಿನ ಬಂಕರುಗಳಿಂದ ಮನೆಗೆ ಫೋನ್ ಮಾಡುತ್ತಿದ್ದರು. ಅವರು ಹೋದದ್ದು ಯಹೂದಿ ಮುದುಕಿಯ ಮೈ ತೊಳೆಯುವುದಕ್ಕೆ, ಯಾರನ್ನೂ ಕೊಲ್ಲುವುದಕ್ಕಲ್ಲ. ಅವರ ಬಗ್ಗೆ ನನಗೆ ಗೌರವವಿದೆ. ಇಸ್ರೇಲಿಗೆ ಹೋದದ್ದಕ್ಕೆ ಅವರನ್ನು ಹಂಗಿಸುವ ನಮ್ಮ ಕೆಲವು ಯುವಕರಿಗೆ ಹೇಳುತ್ತೇನೆ, ಮೊದಲು ಅವರ ಮನೆಯ ಸಾಲದ ಲೆಕ್ಕ ನೋಡಿ ಬನ್ನಿ.

ಹತ್ತನೇ ತರಗತಿ ಪಾಸಾಗದವನು ಕೊಲ್ಲಿಗೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರಕಾರದ ಅನುಮತಿ ಬೇಕು. ಸೌದಿ, ಕುವೈತ್, ಇರಾಕ್, ಸಿರಿಯಾ, ಲೆಬನಾನ್ ಹೀಗೆ ಒಂದು ಪಟ್ಟಿಯಿದೆ. ಆ ಪಟ್ಟಿಯಲ್ಲಿ ರಷ್ಯಾ ಇಲ್ಲ, ಇಸ್ರೇಲ್ ಇಲ್ಲ. ಅಂದರೆ ಶಾಂತವಾಗಿರುವ ಮಸ್ಕತ್ತಿಗೆ ಡ್ರೈವರ್ ಕೆಲಸಕ್ಕೆ ಹೋಗುವವನಿಗೆ ಕಾಗದಪತ್ರದ ಕಾಟ, ಯುದ್ಧ ನಡೆಯುವ ದೇಶಕ್ಕೆ ಟೂರಿಸ್ಟ್ ವೀಸಾದಲ್ಲಿ ಹಾರುವವನಿಗೆ ರಾಜಮಾರ್ಗ. ಯುದ್ಧದಲ್ಲಿ ತೊಡಗಿದ ಯಾವುದೇ ದೇಶಕ್ಕೆ ಕೆಲಸಕ್ಕೆ ಹೋಗುವವರ ಪ್ರತಿಯೊಂದು ಕರಾರನ್ನೂ ರಾಯಭಾರ ಕಚೇರಿ ಓದಿ ಮುದ್ರೆ ಒತ್ತಬೇಕು ಎಂಬ ನಿಯಮ ತರಲು ಏನು ತೊಂದರೆ? ಕನ್ನಡದಲ್ಲಿ ಅದರ ಪ್ರತಿ ಮನೆಯವರ ಕೈಯಲ್ಲಿರಬೇಕು ಎಂದು ಕೇಳುವುದು ಅತಿಯಾಸೆಯೇ? ಕರ್ನಾಟಕ ಸರಕಾರಕ್ಕೆ ಅನಿವಾಸಿ ಭಾರತೀಯ ಸಮಿತಿಯೊಂದಿದೆ. ಅನಿವಾಸಿ ಎಂದರೆ ಬಂಡವಾಳ ತರುವವರು ಮಾತ್ರ ಎಂದು ತಿಳಿಯದೆ, ಕಲಬುರಗಿಯಿಂದ ಉಡುಪಿಯವರೆಗೆ ಯಾವ ಜಿಲ್ಲೆಯಿಂದ ಯಾರು ಯಾವ ಏಜೆಂಟನ ಮೂಲಕ ಯಾವ ದೇಶಕ್ಕೆ ಹೋದರು ಎಂಬ ಒಂದು ದಾಖಲೆಯನ್ನು ಗ್ರಾಮ ಪಂಚಾಯತುಗಳ ಮಟ್ಟದಲ್ಲಿ ಇಡಿಸಲಿ. ನಮ್ಮ ಜಮಾಅತ್ ಕಮಿಟಿಗಳು, ಇಗರ್ಜಿಯ ವಾಳೆಗಳು, ಯುವಕ ಮಂಡಲಗಳು ಮನಸ್ಸು ಮಾಡಿದರೆ ಸರಕಾರಕ್ಕೆ ಕಾಯದೆ ತಾವೇ ಶುರು ಮಾಡಬಹುದು. ಮದುವೆ, ಸಾವುಗಳಿಗೆ ಪುಸ್ತಕ ಇಟ್ಟವರಿಗೆ ಇದಕ್ಕೊಂದು ಪುಸ್ತಕ ಇಡುವುದು ಕಷ್ಟವಲ್ಲ.

ಹೈಫಾದ ವಿಷಯಕ್ಕೆ, ಹೂವು ಇಡುವವರು ಇಡಲಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕಸ್ತಂಭ ಇದೆ. ಹೊರದೇಶಗಳಲ್ಲಿ ಸತ್ತ ಅದರ ಸೈನಿಕರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ದೆಹಲಿಗೆ ಹೋಗಿ ಹೈಫಾ ಎಂದು ಕೂಗುವ ಮೊದಲು ಅಲ್ಲಿಗೆ ಹೋಗಿ, ಸತ್ತವರೆಲ್ಲರ ಹೆಸರನ್ನೂ, ಮುಸಲ್ಮಾನನದೂ ಸೇರಿ, ಒಂದು ಸಲ ಗಟ್ಟಿಯಾಗಿ ಓದಲಿ.